ಬಿಸಿಯಾದ ಮೇಲೆ ಮುನಿಯುವ ಗಾಡಿ

ಹಳೆಯ ಮೋಟಾರ್ ಸೈಕಲ್ ರಸ್ತೆಯಲ್ಲಿ ನಿಂತರೆ ಸುತ್ತ ನಾಲ್ಕು ಜನ ಸೇರುತ್ತಾರೆ, ನಾಲ್ವರೂ ನಾಲ್ಕು ರೋಗ ಹೇಳುತ್ತಾರೆ. ನಮ್ಮ ಮಕ್ತಲ್, ನಾರಾಯಣಪೇಟೆ, ಗದ್ವಾಲ ಕಡೆ ಈ ಪಂಚಾಯಿತಿ ಮೂರು ಭಾಷೆಯಲ್ಲಿ ನಡೆಯುತ್ತದೆ ಅನ್ನುವುದಷ್ಟೇ ವಿಶೇಷ. ಕನ್ನಡದವನು ಪ್ಲಗ್ ತೆಗೆಯಿರಿ ಅನ್ನುತ್ತಾನೆ, ತೆಲುಗಿನವನು ಕಾರ್ಬರೇಟರ್ ಕಡೆ ಕೈ ತೋರಿಸುತ್ತಾನೆ, ಉರ್ದುವಿನವನು ಮಾರಿಬಿಡಿ ಸಾಬ್ ಅನ್ನುತ್ತಾನೆ.

ನಮ್ಮಪ್ಪನದು ಯೆಜ್ಡಿ ರೋಡ್‌ಕಿಂಗ್. ಸೀರೆ ವ್ಯಾಪಾರ, ನಾರಾಯಣಪೇಟೆಯಲ್ಲೂ ಗದ್ವಾಲದಲ್ಲೂ ನೇಕಾರರ ಮನೆ ಬಾಗಿಲಿಗೆ ಹೋಗಿ ಸೀರೆ ತಂದು, ಕೃಷ್ಣೆ ದಾಟಿ ರಾಯಚೂರಿನ ಅಂಗಡಿಗಳಿಗೆ ಕೊಡುವುದು. ಗದ್ವಾಲ ಒಂದು ಕಾಲಕ್ಕೆ ರಾಯಚೂರು ಜಿಲ್ಲೆಯದೇ ತಾಲ್ಲೂಕು. 1956ರ ನವೆಂಬರಿನಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಬಂದಾಗ ಗದ್ವಾಲ, ಆಲಂಪುರ ಆಂಧ್ರಕ್ಕೆ ಹೋದವು. ಅದಾಗಿ ಐದು ವರ್ಷಕ್ಕೆ, 1961ರಲ್ಲಿ, ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಚೆಕ್ ದೇಶದ ಜಾವಾ ಗಾಡಿಗಳು ಹೊರಬೀಳತೊಡಗಿದವು. 1973ರಿಂದ ಹೆಸರು ಯೆಜ್ಡಿ ಆಯಿತು, 1978ಕ್ಕೆ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆಗೇ ಬೀಗ ಬಿತ್ತು. ಅಪ್ಪನ ಗಾಡಿಯ ಹುಟ್ಟು ಮೈಸೂರಿನದು, ನಂಬರ್ ಪ್ಲೇಟ್ ಆಂಧ್ರದ್ದು, ನಿಲ್ಲುವ ಅಂಗಳ ಈಗ ತೆಲಂಗಾಣದ್ದು. ಅದಕ್ಕೆ ಬೀಳುವ ಬೈಗುಳ ಮಾತ್ರ ಇವತ್ತಿಗೂ ಕನ್ನಡದ್ದೇ.

ಒಂದು ಬೇಸಿಗೆ ಅದಕ್ಕೆ ವಿಚಿತ್ರ ಕಾಯಿಲೆ ಹತ್ತಿತು. ಮಕ್ತಲ್‌ನಿಂದ ಹೊರಟು ಆತ್ಮಕೂರು ದಾಟುವವರೆಗೆ ಚೆನ್ನಾಗಿಯೇ ಓಡುವುದು. ಜೂರಾಲ ಅಣೆಕಟ್ಟು ಹತ್ತಿರವಾಗುವಾಗ ಪಟ್ ಪಟ್ ಎಂದು ಮಿಸ್ ಹೊಡೆದು ನಿಂತೇಬಿಡುವುದು. ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಬಿಟ್ಟು ಕಿಕ್ ಹೊಡೆದರೆ ಏನೂ ಆಗೇ ಇಲ್ಲವೆಂಬಂತೆ ಚಾಲೂ. ಒಬ್ಬ ಮೇಸ್ತ್ರಿ ಗಾಡಿಯನ್ನು ಮುಟ್ಟದೆಯೇ ತೀರ್ಪು ಕೊಟ್ಟ: ಪಿಸ್ಟನ್ ಹಿಡೀತಾದ, ಬೋರ್ ಮಾಡಿಸಬೇಕು.

ಅಪ್ಪ ಒಪ್ಪಲಿಲ್ಲ. "ಪಿಸ್ಟನ್ ಹಿಡದ್ರ ಕಿಕ್ ಬಿಗಿ ಬರಬೇಕಲ್ಲ? ಇದು ಹಗೂರ ತಿರುಗ್ತಾದ" ಅಂದರು. ಮಾತು ಸರಿ. ಬಿಸಿಗೆ ಹಿಗ್ಗಿದ ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಂಡರೆ ನಿಂತ ಆ ಕ್ಷಣಕ್ಕೆ ಕಿಕ್ ಕೆಳಗಿಳಿಯುವುದಿಲ್ಲ. (ಯೆಜ್ಡಿಯಲ್ಲಿ ಕಿಕ್ಕೂ ಗೇರೂ ಒಂದೇ ದಂಡ. ಇಷ್ಟು ಜಿಪುಣ, ಇಷ್ಟು ಜಾಣ ಉಪಾಯವನ್ನು ನಾನು ಬೇರೆ ಗಾಡಿಯಲ್ಲಿ ಕಂಡಿಲ್ಲ.)

ಮುಂದಿನ ಸಲ ನಿಂತ ಕೂಡಲೇ ಅಪ್ಪ ಟ್ಯಾಂಕಿನ ಮುಚ್ಚಳ ತೆರೆದರು. ಮುಚ್ಚಳದ ಸಣ್ಣ ತೂತು ಧೂಳು ಕಟ್ಟಿದರೆ ಒಳಗೆ ಗಾಳಿ ಹೋಗದೆ ಪೆಟ್ರೋಲ್ ಇಳಿಯುವುದು ನಿಲ್ಲುತ್ತದೆ. ತೆರೆದೊಡನೆ ಗಾಡಿ ಎದ್ದರೆ ಖರ್ಚಿಲ್ಲದೆ ಮುಗಿಯಿತು. ಏಳಲಿಲ್ಲ. ಪ್ಲಗ್ ಬಿಚ್ಚಿದರೆ ಕಾಫಿ ಬಣ್ಣ. ಬೆಳ್ಳಗಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಕಪ್ಪಗೆ ಜಿಡ್ಡಾಗಿದ್ದರೆ ಎಣ್ಣೆ ಹೆಚ್ಚು. ಕಾಫಿ ಬಣ್ಣ ಅಂದರೆ ಕಾರ್ಬರೇಟರ್ ನಿರಪರಾಧಿ. ಪ್ಲಗ್ಗನ್ನು ಹೆಡ್ಡಿಗೆ ತಾಗಿಸಿ ಹಿಡಿದು ಕಿಕ್ ಹೊಡೆಯಲು ನನಗೆ ಹೇಳಿದರು. ಕಿಡಿ ಹಳದಿ, ಬಡಕಲು. ಬಲಗಡೆಯ ಮುಚ್ಚಳ ತೆಗೆದು ನೋಡಿದರೆ ಪ್ಲಗ್ಗಿನಲ್ಲಿ ಇರಬೇಕಾದ ಜೋರೆಲ್ಲ ಪಾಯಿಂಟಿನಲ್ಲಿ ಚಟಚಟ ಅನ್ನುತ್ತಿತ್ತು.

ಕಂಡೆನ್ಸರ್! ಹೆಬ್ಬೆರಳ ಗಾತ್ರದ ಡಬ್ಬಿ. ಪಾಯಿಂಟ್ ತೆರೆಯುವಾಗ ನುಗ್ಗುವ ಕರೆಂಟನ್ನು ತಾನು ಹೀರಿಕೊಂಡು ಕಾಯಿಲ್‌ಗೆ ಜೋರು ಕೊಡುವುದು ಅದರ ಕೆಲಸ. ಒಳಗಿನ ಪದರ ಹಳತಾದರೆ ಬಿಸಿಗೆ ಸೋರುತ್ತದೆ, ತಣ್ಣಗಾದರೆ ಮತ್ತೆ ಸಾಚಾ ಆಗುತ್ತದೆ. ಎಂಜಿನ್ನಿನ ಬಿಸಿ, ಅದರ ಮೇಲೆ ನಮ್ಮ ಸೀಮೆಯ ಮೇ ತಿಂಗಳು. ಪಾಪ, ಎಷ್ಟು ತಡೆದೀತು? ಹೊಸದು ಹಾಕಿ, ಸುಟ್ಟ ಪಾಯಿಂಟನ್ನು ಉಜ್ಜಿ, ಗ್ಯಾಪು 0.4 ಮಿ.ಮೀ.ಗೆ ಇಟ್ಟರು. ಆ ಬೇಸಿಗೆಯೆಲ್ಲ ಸೀರೆಯ ಗಂಟು ಗದ್ವಾಲದಿಂದ ತಡೆಯಿಲ್ಲದೆ ಬಂತು.

ಈಗ ಗಾಡಿ ನನ್ನ ಪಾಲಿಗೆ ಬಂದಿದೆ, ಕಾಯಿಲೆಗಳು ಬದಲಾಗಿವೆ. ಲೀಟರಿಗೆ 40 ಮಿ.ಲೀ. ಎಣ್ಣೆ ಬೆರೆಸುವುದು ಹಾಗೇ ಇದೆ, ಬೆರೆಸಿಕೊಳ್ಳುವ ಪೆಟ್ರೋಲ್ ಹಾಗಿಲ್ಲ. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. ಅದು ಗಾಳಿಯ ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದ ಟ್ಯಾಂಕಿನ ತಳದಲ್ಲಿ ನೀರು ಬೇರೆಯಾಗಿ ಕೂತು ತುಕ್ಕು ಹಿಡಿಸುತ್ತದೆ, ಆ ತುಕ್ಕು ಜೆಟ್ಟಿಗೆ ಬಂದು ಸಿಕ್ಕಿಕೊಳ್ಳುತ್ತದೆ. ಹಳೆಯ ರಬ್ಬರ್ ಪೈಪು ಉಬ್ಬಿ ಮೆತ್ತಗಾಗುತ್ತದೆ. ಇನ್ನು ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಎರಡರಲ್ಲೂ ಮಸಿ ಕಟ್ಟಿದರೆ ಗಾಡಿ ಏರು ಹತ್ತಲಾರದು. ಅದಕ್ಕೂ ಜನ ಪಿಸ್ಟನ್ನನ್ನೇ ದೂರುತ್ತಾರೆ.

ಅಂಗಳದಲ್ಲಿ ಯೆಜ್ಡಿಯೋ ಜಾವಾವೋ ಇಟ್ಟುಕೊಂಡವರಿಗೆ ನನ್ನದೊಂದೇ ವಿನಂತಿ: ಬೋರ್ ಮಾಡಿಸಲು ದುಡ್ಡು ಎಣಿಸುವ ಮೊದಲು ಟ್ಯಾಂಕಿನ ಮುಚ್ಚಳ ತೆರೆದು ನೋಡಿ, ಆಮೇಲೆ ಕಂಡೆನ್ಸರ್ ಬದಲಿಸಿ ನೋಡಿ.