ನದಿಯಾಚೆಯಿಂದ ಬಂದ ಕಣ್ಣು

2009ರ ಜೂನ್. ನ್ಯೂಜೆರ್ಸಿಯ ನ್ಯೂ ಬ್ರನ್ಸ್‌ವಿಕ್, ರಟ್ಗರ್ಸ್ ವಿಶ್ವವಿದ್ಯಾಲಯದ ಆಸುಪಾಸಿನ ಒಂದು ಅಪಾರ್ಟ್‌ಮೆಂಟ್. ಕಟ್ಟಡ ನೋಡಿಕೊಳ್ಳುವವನ ಬೆನ್ನಿಗೇ ನೀವೂ ಬಾಗಿಲಲ್ಲಿ ನಿಂತಿದ್ದೀರಿ. ಒಳಗೆ ಎರಡು ಮಂಚ ಬಿಟ್ಟರೆ ಬೇರೆ ಪೀಠೋಪಕರಣವಿಲ್ಲ. ತೊಡುವ ಬಟ್ಟೆ ಒಂದೂ ಕಾಣುತ್ತಿಲ್ಲ. ಕಂಪ್ಯೂಟರ್ ಸಾಮಾನು ಅಲ್ಲಲ್ಲಿ ಬಿದ್ದಿದೆ. ಭಯೋತ್ಪಾದಕರ ಫೋಟೊಗಳಿವೆ, ಅವುಗಳ ಜೊತೆ ಪಕ್ಕದ ಕಟ್ಟಡದ ಫೋಟೊಗಳೂ ಇವೆ. ಇನ್ನೊಂದು ಕಡೆ ನ್ಯೂಯಾರ್ಕ್ ನಗರ ಪೊಲೀಸರ ವೈರ್‌ಲೆಸ್ ಸೆಟ್ಟುಗಳು. ಅವಕ್ಕೆ ಇಲ್ಲೇನು ಕೆಲಸ? ಆತ 911ಕ್ಕೆ ಫೋನ್ ಮಾಡಿ ಕಂಡದ್ದನ್ನೆಲ್ಲ ಹೇಳುತ್ತಾನೆ. ಕೇಳಿಸಿಕೊಳ್ಳುತ್ತಿರುವವರಿಗೂ ಅಚ್ಚರಿ.

ಸ್ಥಳೀಯ ಪೊಲೀಸರು, ಎಫ್‌ಬಿಐನವರು ಧಾವಿಸಿ ಬಂದಾಗ ಗೊತ್ತಾಗುತ್ತದೆ, ಆ ಮನೆ ನ್ಯೂಯಾರ್ಕ್ ಪೊಲೀಸರದ್ದೇ. ಹಡ್ಸನ್ ನದಿ ದಾಟಿ ಪರರಾಜ್ಯಕ್ಕೆ ಬಂದು, ಮುಸ್ಲಿಂ ವಿದ್ಯಾರ್ಥಿಗಳ ಮೇಲೆ ಕಣ್ಣಿಡಲು ಅವರು ಬೀಡು ಬಿಟ್ಟಿದ್ದರು.

ಅದೇ ಇಲಾಖೆ ನ್ಯೂಜೆರ್ಸಿಯ ನೆವಾರ್ಕ್ ನಗರದ ಬಗ್ಗೆ 2007ರಲ್ಲಿ ಬರೆದ 60 ಪುಟಗಳ ವರದಿಯನ್ನು ತಿರುವಿ. ಮಸೀದಿ, ಹೋಟೆಲು, ದಿನಸಿ ಅಂಗಡಿ: ಫೋಟೊ, ವಿಳಾಸ, ನಕ್ಷೆ. ಯಾರು ಯಾವ ತಪ್ಪು ಮಾಡಿದರು ಎಂದು ಹುಡುಕುತ್ತೀರಿ. ಒಂದು ಸಾಲೂ ಇಲ್ಲ. ನಮಾಜಿಗೆ ಹೋದದ್ದೇ ಕಡತ ಸೇರಲು ಸಾಕಾಯಿತು. ಇದನ್ನು ಓದುವಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

2011ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಈ ಗುಟ್ಟನ್ನು ಬಯಲಿಗೆಳೆಯಿತು. ಮರುವರ್ಷ ನ್ಯೂಜೆರ್ಸಿಯ ಅಟಾರ್ನಿ ಜನರಲ್ ಜೆಫ್ರಿ ಕಿಯೆಸಾ ವಿಚಾರಣೆ ಮುಗಿಸಿ, ನ್ಯೂಯಾರ್ಕ್ ಪೊಲೀಸರು ರಾಜ್ಯದ ಯಾವ ಕಾನೂನನ್ನೂ ಮುರಿದಿಲ್ಲ ಎಂದರು. ಜೊತೆಗೊಂದು ನಿರ್ದೇಶನ ಹೊರಡಿಸಿದರು: ಹೊರರಾಜ್ಯದ ಪೊಲೀಸರು ಭಯೋತ್ಪಾದನೆಯ ತನಿಖೆಗೆ ಬರುವುದು ತಿಳಿದರೆ, ನ್ಯೂಜೆರ್ಸಿ ಪೊಲೀಸರು ಅದನ್ನು ರಾಜ್ಯದ ಭಯೋತ್ಪಾದನಾ ನಿಗ್ರಹ ಅಧಿಕಾರಿಗಳ ಗಮನಕ್ಕೆ ತರಬೇಕು. ಒಳ್ಳೆಯದೇ. ಆದರೆ ಪೊಲೀಸರು ಪೊಲೀಸರಿಗೆ ಹೇಳಿಕೊಂಡರೆ, ಅಂಗಡಿಯವನ ಪಾಲಿಗೆ ಬದಲಾದದ್ದೇನು?

ಅದನ್ನು ಬದಲಿಸಲು ನ್ಯೂಜೆರ್ಸಿಯ ಮುಸ್ಲಿಮರೇ 2012ರಲ್ಲಿ ಕೋರ್ಟು ಹತ್ತಿದರು. 2014ರಲ್ಲಿ ದಾವೆ ವಜಾ ಆಯಿತು. 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಅದಕ್ಕೆ ಮರುಜೀವ ಕೊಟ್ಟಿತು. ಬರಿಯ ಧರ್ಮದ ಕಾರಣಕ್ಕೆ ಯಾರನ್ನೂ ಹಿಂಬಾಲಿಸುವುದಿಲ್ಲ ಎಂದು ನ್ಯೂಯಾರ್ಕ್ ಪೊಲೀಸರು ಒಪ್ಪಿಕೊಂಡದ್ದು 2018ರಲ್ಲಿ, ಆ ದಾವೆಯ ರಾಜಿಯಲ್ಲಿ.