ಇಟ್ಟಿಗೆಯ ಮೇಲೆ ಓಡಿದ ಗಾಡಿ

ಇಟ್ಟಿಗೆ ಪೇರಿಸಿ ನೆಲದಿಂದ ಗೇಣೆತ್ತರಕ್ಕೆ ಏರಿಸಿಟ್ಟಿದ್ದ ಗಾಡಿಯ ಎರಡೂ ಪಟ್ಟಿಗಳು ಗಿರಗಿರನೆ ತಿರುಗತೊಡಗಿದಾಗ ಅಂಗಳದಲ್ಲಿ ನೆರೆದವರೆಲ್ಲ ಚಪ್ಪಾಳೆ ತಟ್ಟಿದರು. ಇಟ್ಟಿಗೆ ತೆಗೆದು, ನಾಲ್ಕು ಚೀಲ ಗೊಬ್ಬರ ಹೇರಿ, ಲಿವರ್ ಎಳೆದರೆ ಗಾಡಿ ಕದಲಲಿಲ್ಲ. ಎಂಜಿನ್ ಕೆಮ್ಮಿ ನಿಂತುಹೋಯಿತು. ಮೂರು ಸಲ ಹಾಗೆಯೇ ಆಯಿತು. ನೆರೆದವರು ಒಬ್ಬೊಬ್ಬರಾಗಿ ಕರಗಿದರು. ಶಿರಸಿ ಸೀಮೆಯ ಆ ಅಡಿಕೆ ತೋಟದ ಮನೆಯಲ್ಲಿ ಅಂದು ರಾತ್ರಿ ಹುಡುಗ ಊಟಕ್ಕೆ ಏಳಲಿಲ್ಲ.

ಹುಡುಗ ಮೆಕ್ಯಾನಿಕಲ್ ಡಿಪ್ಲೊಮಾ ಎರಡನೆಯ ವರ್ಷದವನು. ತೋಟ ಇರುವುದು ಕಣಿವೆಯಲ್ಲಿ, ಮನೆ ಇರುವುದು ಮೇಲೆ. ಗೊಬ್ಬರ ಇಳಿಯಬೇಕು, ಅಡಿಕೆ ಗೊನೆ ಏರಬೇಕು. ಹೊರುವ ಆಳು ಸಿಗುವುದಿಲ್ಲ. ಹಿಂದಿನ ಮಳೆಗಾಲದಲ್ಲಿ ಹೊರೆ ಹೊತ್ತ ಅಪ್ಪಯ್ಯ ಜಾರಿ ಬಿದ್ದು ಮಂಡಿ ನೋಯಿಸಿಕೊಂಡ ಮೇಲೆ ಮಗನಿಗೆ ಈ ಗಾಡಿಯ ಹುಚ್ಚು ಹಿಡಿಯಿತು. ಕೆಸರಿನಲ್ಲಿ ಟೈರು ಹೂಳುತ್ತದೆ. ಅಗಲವಾದ ಪಟ್ಟಿ ಹೂಳುವುದಿಲ್ಲ. ಸಾವಿರ ಕಿಲೋ ಭಾರವನ್ನು 20 ಸೆಂ.ಮೀ. ಅಗಲ, ಒಂದು ಮೀಟರ್ ಉದ್ದದ ಎರಡು ಪಟ್ಟಿಗಳ ಮೇಲೆ ಹರಡಿದರೆ ಚದರ ಸೆಂಟಿಮೀಟರಿಗೆ ಬೀಳುವುದು ಕಾಲು ಕಿಲೋ ಮಾತ್ರ. ನಡೆಯುವ ಮನುಷ್ಯನ ಪಾದವೂ ಅದಕ್ಕಿಂತ ಹೆಚ್ಚು ಒತ್ತುತ್ತದೆ. ಇಷ್ಟನ್ನು ಹುಡುಗ ಸರಿಯಾಗಿಯೇ ಯೋಚಿಸಿದ್ದ.

ತಪ್ಪಿದ್ದು ಗುಜರಿ ಅಂಗಡಿಯಲ್ಲಿ. ಅಡಿಕೆ ಮಾರಿದ ದುಡ್ಡಿನಲ್ಲಿ ಅಪ್ಪಯ್ಯ ಕೊಟ್ಟ 18,000 ರೂಪಾಯಿಗೆ ಅವನು ದೊಡ್ಡದೊಂದು ಹೈಡ್ರಾಲಿಕ್ ಪಂಪನ್ನೂ ಎರಡು ಚಿಕ್ಕ ಮೋಟರುಗಳನ್ನೂ ತಂದಿದ್ದ. ಪಂಪು ಒಂದು ಸುತ್ತಿಗೆ 32 ಸಿ.ಸಿ. ಎಣ್ಣೆ ದೂಡುವಂಥದು, ಮೋಟರ್ ಒಂದು ಸುತ್ತಿಗೆ 40 ಸಿ.ಸಿ. ನುಂಗುವಂಥದು. ಪಂಪು ದೊಡ್ಡದಾದಷ್ಟೂ ಗಾಡಿಗೆ ಬಲ ಹೆಚ್ಚು ಎಂಬುದು ಅವನ ನಂಬಿಕೆ.

ಮರುವಾರ ಹುಬ್ಬಳ್ಳಿಯಲ್ಲಿ ಹೈಡ್ರಾಲಿಕ್ ರಿಪೇರಿ ಮಾಡುವ ಹಿರಿಯ ಮಿಸ್ತ್ರಿಯೊಬ್ಬರ ಮುಂದೆ ಅವನು ಇನ್ನೂ ದೊಡ್ಡ ಪಂಪು ಸಿಗುತ್ತದೆಯೇ ಎಂದು ಕೇಳಿದ. ಅವರು ತಲೆಯೆತ್ತದೆ ಅಂದರು: "ಪಂಪ್ ಇರ್ಲಿ ತಮ್ಮಾ, ಮೊದ್ಲ ಏರು ಎಷ್ಟೈತಿ ಹೇಳು. ಹೇರು ಎಷ್ಟು?"

ಹುಡುಗನ ಬಳಿ ಉತ್ತರವಿರಲಿಲ್ಲ.

"ಪಂಪ್ ಒತ್ತಡ ಹುಟ್ಟಸಂಗಿಲ್ಲ. ಎಣ್ಣಿ ದೂಡತೈತಿ, ಅಷ್ಟ. ಒತ್ತಡ ಹುಟ್ಟಸೋದು ಹೇರು."

ಪಾಸ್ಕಲ್ ನಿಯಮಕ್ಕೆ ಪರೀಕ್ಷೆಯಲ್ಲಿ ಪೂರ್ಣ ಅಂಕ ಪಡೆದಿದ್ದ ಹುಡುಗನಿಗೆ ಆ ನಿಯಮ ತನ್ನ ಅಂಗಳದಲ್ಲಿಯೇ ಇದ್ದುದು ಆಗ ಹೊಳೆಯಿತು. ಎಣ್ಣೆಯ ಹರಿವು ವೇಗವನ್ನು ಕೊಡುತ್ತದೆ. ಒತ್ತಡ ಬಲವನ್ನು ಕೊಡುತ್ತದೆ. ಇಟ್ಟಿಗೆಯ ಮೇಲೆ ಹೇರಿರಲಿಲ್ಲ, ಆದ್ದರಿಂದ ಒತ್ತಡವೂ ಇರಲಿಲ್ಲ. ಬರೀ ವೇಗ ಕಂಡು ಎಲ್ಲರೂ ಚಪ್ಪಾಳೆ ತಟ್ಟಿದ್ದರು.

ಲೆಕ್ಕ ನೆಲದಿಂದ ಹೊರಟು ಎಂಜಿನ್ ತನಕ ಹಿಂದಕ್ಕೆ ನಡೆಯಬೇಕು. ಹುಡುಗ ಊರಿಗೆ ಮರಳಿ ಹಗ್ಗ, ಕೋಲು ಹಿಡಿದು ದಾರಿ ಅಳೆದ. ನಾಲ್ಕು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಏರು. ಗಾಡಿ 600 ಕಿಲೋ, ಹೇರು 400 ಕಿಲೋ. ಏರಿಗೆ ಸುಮಾರು 240 ಕಿಲೋ ಎಳೆತ ಬೇಕು. ಮೆತ್ತನೆಯ ಮಣ್ಣು ಹಿಡಿದೆಳೆಯುವುದಕ್ಕೆ ಇನ್ನೊಂದು 100 ಕಿಲೋ. ತಿರುಗುವಾಗ ಪಟ್ಟಿಗಳು ನೆಲಕ್ಕೆ ಅಡ್ಡಡ್ಡ ಉಜ್ಜುತ್ತವೆ, ಗುಂಡಿಯಿಂದ ಮೇಲೇಳಬೇಕಾಗುತ್ತದೆ. ಎಲ್ಲ ಸೇರಿ 600 ಕಿಲೋ, ಅಂದರೆ ಪಟ್ಟಿಗೆ 300 ಕಿಲೋ, ಸುಮಾರು 3,000 ನ್ಯೂಟನ್ ಎಂದು ಹಿಡಿದ.

ಪಟ್ಟಿ ಎಳೆಯುವ ಹಲ್ಲಿನ ಚಕ್ರದ ತ್ರಿಜ್ಯ 15 ಸೆಂ.ಮೀ. ಒಂದು ಸುತ್ತಿಗೆ ಗಾಡಿ 94 ಸೆಂ.ಮೀ. ಸಾಗುತ್ತದೆ. ಬಲವನ್ನು ದೂರದಿಂದ ಗುಣಿಸಿದರೆ ಒಂದು ಸುತ್ತಿನ ಕೆಲಸ ಸುಮಾರು 2,800 ಜೂಲ್. 150 ಬಾರ್ ಒತ್ತಡದಲ್ಲಿ ಒಂದು ಸಿ.ಸಿ. ಎಣ್ಣೆ ಮಾಡುವ ಕೆಲಸ 15 ಜೂಲ್. ಭಾಗಿಸಿದರೆ ಸುಮಾರು 190 ಸಿ.ಸಿ.; ಘರ್ಷಣೆಯ ನಷ್ಟ ಸೇರಿಸಿದರೆ 250 ಸಿ.ಸಿ. ಮೋಟರ್ ಬೇಕು. ಅವನು ತಂದಿದ್ದು 40!

ಇನ್ನು ಪಂಪು. ಹಳೆಯ ಪವರ್ ಟಿಲ್ಲರಿನ 12 ಅಶ್ವಶಕ್ತಿಯ ಎಂಜಿನ್ನಿನಿಂದ ನಷ್ಟ ಕಳೆದು ಎಣ್ಣೆಗೆ ದಕ್ಕುವುದು ಸೆಕೆಂಡಿಗೆ ಸುಮಾರು 7,600 ಜೂಲ್. 150 ಬಾರಿನಲ್ಲಿ ಒಂದು ಲೀಟರ್ ಎಣ್ಣೆ ದೂಡಲು 15,000 ಜೂಲ್ ಬೇಕು. ಹಾಗಾಗಿ ಸೆಕೆಂಡಿಗೆ ಅರ್ಧ ಲೀಟರ್, ನಿಮಿಷಕ್ಕೆ 30 ಲೀಟರಿಗಿಂತ ಹೆಚ್ಚು ದೂಡಲು ಈ ಎಂಜಿನ್ನಿಗೆ ಸಾಧ್ಯವಿಲ್ಲ. ಹುಡುಗನ ಪಂಪು 2,000 ಸುತ್ತಿನಲ್ಲಿ 64 ಲೀಟರ್ ದೂಡಲು ಹೊರಟಿತ್ತು. ಆ ಮೋಟರುಗಳಿಗೆ ಅಷ್ಟು ಎಣ್ಣೆ ಕೊಟ್ಟರೆ ಲೆಕ್ಕಕ್ಕೆ ಸಿಗುವ ವೇಗ ಗಂಟೆಗೆ 40 ಕಿ.ಮೀ.ಗೂ ಮೇಲೆ, ಅದೂ ಅಡಿಕೆ ತೋಟದ ಕಾಲುದಾರಿಯಲ್ಲಿ! ಎಂಜಿನ್ ಉಸಿರುಗಟ್ಟಿ ನಿಂತದ್ದರಲ್ಲಿ ಆಶ್ಚರ್ಯವಿಲ್ಲ.

ಪಟ್ಟಿಗೊಂದರಂತೆ ಒಂದೇ ದಂಡಕ್ಕೆ ಜೋಡಿಸಿದ 8 ಸಿ.ಸಿ.ಯ ಎರಡು ಗೇರ್ ಪಂಪುಗಳು ಸಾಕು ಎಂದು ಲೆಕ್ಕ ಹೇಳಿತು. ಒಂದೇ ಪಂಪಿನಿಂದ ಎರಡು ಮೋಟರಿಗೆ ಎಣ್ಣೆ ಹಂಚಿದರೆ ಅದು ಸುಲಭದ ದಾರಿ ಹಿಡಿಯುತ್ತದೆ. ಕೆಸರಿನಲ್ಲಿ ಜಾರುವ ಪಟ್ಟಿ ಸುಮ್ಮನೆ ತಿರುಗಿ, ಗಟ್ಟಿ ನೆಲದ ಪಟ್ಟಿ ನಿಂತುಬಿಡುತ್ತದೆ. ಹೊಸ ಲೆಕ್ಕದಲ್ಲಿ ವೇಗ ಗಂಟೆಗೆ ಮೂರು ಕಿ.ಮೀ. ಅಷ್ಟೆ. ಸೈಕಲ್ಲಿನ ಮುಂದೆ ಪುಟ್ಟ ಚಕ್ರ, ಹಿಂದೆ ದೊಡ್ಡ ಚಕ್ರ ಹಾಕಿ ಏರು ಹತ್ತಿದ ಹಾಗೆ: ಬಲ ಬೇಕಾದರೆ ವೇಗ ಬಿಡಬೇಕು.

ಮಿಸ್ತ್ರಿ ಎರಡು ಮಾತು ಒತ್ತಿ ಹೇಳಿದ್ದರು. ಮೋಟರಿನೊಳಗೆ ಎಣ್ಣೆ ಸ್ವಲ್ಪ ಸ್ವಲ್ಪವೇ ಸೋರುವುದರಿಂದ ಏರಿನಲ್ಲಿ ನಿಲ್ಲಿಸಿದ ಗಾಡಿ ಮೆಲ್ಲನೆ ಹಿಂದಕ್ಕೆ ಜಾರುತ್ತದೆ. ಬೇರೆ ಬ್ರೇಕ್ ಇರಲೇಬೇಕು. ಸೋರುವ ಹೋಸನ್ನು ಬೆರಳಿನಿಂದ ಮುಟ್ಟಿ ನೋಡಬಾರದು. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳಹೊಕ್ಕು ಕೈಯನ್ನೇ ಕಳೆಯಬಲ್ಲದು. ರಟ್ಟು ಹಿಡಿದು ನೋಡಬೇಕು.

ಹಳೆಯ ಸಾಮಾನು ಅರ್ಧ ಬೆಲೆಗೆ ಹೋಯಿತು. ಮತ್ತೆ ದುಡ್ಡು ಕೇಳಲು ಹುಡುಗನಿಗೆ ಬಾಯಿ ಬರಲಿಲ್ಲ. ಲೆಕ್ಕದ ಪುಸ್ತಕವನ್ನು ಅಪ್ಪಯ್ಯನ ಮುಂದಿಟ್ಟ. ಏಳನೆಯ ತರಗತಿಗೇ ಶಾಲೆ ಬಿಟ್ಟವರು ಅವರು. ಜೂಲ್ ಅರ್ಥವಾಗಲಿಲ್ಲ, ಆದರೆ ಅಂದಾಜುಪಟ್ಟಿ ಎಂದರೇನೆಂದು ಗೊತ್ತಿತ್ತು. "ಇದನ್ನ ಮೊದಲೇ ಬರ್ದಿದ್ರೆ ಆಗ್ತಿತ್ತಲೋ ಮಾಣಿ" ಎಂದರು. ಬೈಗುಳ ಅಷ್ಟೇ. ಮರುದಿನ ದುಡ್ಡು ಕೊಟ್ಟರು.

ಮಕ್ಕಳು ಸಾಮಾನು ಹಾಳು ಮಾಡಿದಾಗ ಆ ಕೆಲಸವನ್ನೇ ಬಿಡಿಸಿಬಿಡುವ ಮನೆಗಳು ಬಹಳ. ದುಡ್ಡು ಕೊಡುವ ಮುನ್ನ ಲೆಕ್ಕ ತೋರಿಸು ಎನ್ನುವ ಮನೆಗಳು ಕಡಿಮೆ.

ಈಗ ಗಾಡಿ ನಾಲ್ಕು ಕ್ವಿಂಟಾಲ್ ಹೇರಿಕೊಂಡು ಏರು ಹತ್ತುತ್ತದೆ. ನೋಡುವವರಿಗೆ ಅದರ ನಿಧಾನ ಬೇಸರ ತರಿಸಬಹುದು. ಚಪ್ಪಾಳೆ ತಟ್ಟುವವರು ಯಾರೂ ಇಲ್ಲ. ಪಕ್ಕದಲ್ಲಿ ಅಪ್ಪಯ್ಯ ಬರಿಗೈಯಲ್ಲಿ ನಡೆದು ಬರುತ್ತಾರೆ.