ಕಾರ್ಟ್ರಿಜ್‌ನಲ್ಲಿ ಉಳಿದ ಒತ್ತಕ್ಷರ

ಎಂಬತ್ತರ ದಶಕದ ಮನೆ-ಕಂಪ್ಯೂಟರುಗಳಿಗೆ ಕಾರ್ಟ್ರಿಜ್ ಎಂಬುದೊಂದಿತ್ತು. ಅಂಗೈಯಲ್ಲಿ ಹಿಡಿಯುವಷ್ಟು ಪ್ಲಾಸ್ಟಿಕ್ ಡಬ್ಬಿ. ಯಂತ್ರದ ಸೀಳಿಗೆ ಸಿಕ್ಕಿಸಿದರೆ ಆಟವೋ ಲೆಕ್ಕದ ಪಾಠವೋ ಟಿವಿಯ ಮೇಲೆ ಮೂಡುತ್ತಿತ್ತು. ಒಳಗಿರುತ್ತಿದ್ದದ್ದು ಸಾಮಾನ್ಯವಾಗಿ ರೋಮ್, ಅಂದರೆ ಕಾರ್ಖಾನೆಯಲ್ಲಿ ಒಮ್ಮೆ ಬರೆದು ಮುಗಿಸಿದ, ಬಳಸುವವರು ತಿದ್ದಲಾಗದ ಸ್ಮೃತಿ. ಆ ಯಂತ್ರಗಳನ್ನು ಇಂದಿನ ಲ್ಯಾಪ್‌ಟಾಪಿನಲ್ಲಿ ಅನುಕರಿಸುವ ತಂತ್ರಾಂಶ ಎಮ್ಯುಲೇಟರ್. ರೋಮ್ ಮಾತ್ರ ಇರುವ ಕಾರ್ಟ್ರಿಜ್ಜಿನ ಮಟ್ಟಿಗೆ ಅದರ ಕೆಲಸ ಸುಲಭ: ಕಡತವನ್ನು ಓದಿಕೊಂಡರಾಯಿತು, ಮುಚ್ಚುವಾಗ ಉಳಿಸಬೇಕಾದದ್ದೇನೂ ಇಲ್ಲ.

ತೊಡಕು ಹುಟ್ಟುವುದು ಬರೆಯಬಲ್ಲ ಕಾರ್ಟ್ರಿಜ್ ಬಂದಾಗ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟಿಐ-99/4ಎ ಕಂಪ್ಯೂಟರಿಗೆ ‘ಮಿನಿ ಮೆಮೊರಿ’ ಎಂಬ ಅಂಥದೊಂದು ಕಾರ್ಟ್ರಿಜ್ ಇತ್ತು. ಅದರಲ್ಲಿ ರೋಮ್ ಜೊತೆಗೆ 4 ಕೆಬಿ, ಎಂದರೆ 4096 ಬೈಟ್, ರ‍್ಯಾಮ್ ಇತ್ತು. ಜೊತೆಗೊಂದು ಪುಟ್ಟ ಬ್ಯಾಟರಿ. ಯಂತ್ರ ಆರಿಸಿದರೂ, ಕಾರ್ಟ್ರಿಜ್ ಕಿತ್ತು ಕಿಸೆಯಲ್ಲಿಟ್ಟುಕೊಂಡರೂ ಬರೆದದ್ದು ಉಳಿಯುತ್ತಿತ್ತು. ಬೇಸಿಕ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆದು ‘ಸೇವ್ ಮಿನಿಮೆಮ್’ ಎಂದು ಟೈಪಿಸಿದರೆ ಮುಗಿಯಿತು.

ಈ ಕಾರ್ಟ್ರಿಜ್ ನನಗೆ ಗೊತ್ತಾದದ್ದು ದೊಡ್ಡಪ್ಪನಿಂದ. ಧಾರವಾಡದ ಕಡೆಯವರು, ಓದಲೆಂದು ಟೆಕ್ಸಸ್‌ಗೆ ಹೋದವರು ಅಲ್ಲೇ ನಿಂತರು. 1983ರ ಅಕ್ಟೋಬರಿನಲ್ಲಿ ಕಂಪನಿ ಮನೆ-ಕಂಪ್ಯೂಟರಿನ ವ್ಯಾಪಾರವನ್ನೇ ಬಿಡುವುದಾಗಿ ಸಾರಿತು. ಉಳಿದ ಯಂತ್ರಗಳು ಐವತ್ತು ಡಾಲರಿನ ಆಸುಪಾಸಿಗೆ ಬಿಕರಿಯಾದವು. (ಅದೇ ಕಂಪನಿ 1985ರಲ್ಲಿ ಬೆಂಗಳೂರಿನಲ್ಲಿ ಕಚೇರಿ ತೆರೆಯಿತು. ಅದು ಬೇರೆ ಕತೆ.) ವಿದ್ಯಾರ್ಥಿಯ ಕೈಗೆಟುಕುವ ಬೆಲೆ. ದೊಡ್ಡಪ್ಪ ಒಂದು ಯಂತ್ರ, ಒಂದು ಮಿನಿ ಮೆಮೊರಿ ಕೊಂಡರು. ಆ ಚಳಿಗಾಲದಲ್ಲಿ ಅವರು ಬರೆದ ಮೊದಲ ಪ್ರೋಗ್ರಾಮ್ ಟಿವಿಯ ಮೇಲೆ ಒಂದೇ ಪದ ಮೂಡಿಸುತ್ತಿತ್ತು: ಅವ್ವ.

ಅದು ಸಣ್ಣ ಕೆಲಸವೇನಲ್ಲ. ಆ ಯಂತ್ರದಲ್ಲಿ ಒಂದೊಂದು ಅಕ್ಷರಕ್ಕೂ ಎಂಟು ಸಾಲು, ಎಂಟು ಕಂಬದ ಒಂದು ಚೌಕ. ಇಂಗ್ಲಿಷಿಗೆ ಅಷ್ಟು ಸಾಕು. ಹೊಸ ಅಕ್ಷರ ಬೇಕಾದರೆ ‘ಕಾಲ್ ಕ್ಯಾರ್’ ಆಜ್ಞೆಯಲ್ಲಿ ಹದಿನಾರು ಅಂಕಿ-ಅಕ್ಷರಗಳ ಸಾಲೊಂದನ್ನು ಕೊಡಬೇಕು, ಒಂದೊಂದು ಅಂಕಿಗೆ ನಾಲ್ಕು ಚುಕ್ಕಿಯಂತೆ. “ಎಂಟು ಚುಕ್ಕಿಯೊಳಗ ಅವ್ವ ಹಿಡಿಯಂಗಿಲ್ಲ ನೋಡವಾ” ಎನ್ನುತ್ತಿದ್ದರು ದೊಡ್ಡಪ್ಪ. ಹಾಗಾಗಿ ಅ-ಕಾರಕ್ಕೆ ನಾಲ್ಕು ಚೌಕ, ವ-ಕಾರಕ್ಕೆ ನಾಲ್ಕು, ಕೆಳಗಿನ ಒತ್ತಿಗೆ ಇನ್ನೆರಡು. ಒಟ್ಟು ಹತ್ತು ಸಾಲು. ಅವನ್ನು ಮೊದಲು ಚೌಕಳಿ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್‌ನಿಂದ ತುಂಬಿಸಿ, ಆಮೇಲೆ ಟೈಪಿಸಿದ್ದರು.

ಕಾರ್ಟ್ರಿಜ್ಜಿನ ಬ್ಯಾಟರಿ ಎಂದೋ ಸತ್ತಿತು. ಅದರೊಂದಿಗೆ 1983ರ ಅವ್ವನೂ ಹೋದಳು. ನೋಟ್‌ಬುಕ್ ಉಳಿದಿತ್ತು. ನಿವೃತ್ತರಾದ ಮೇಲೆ, ಅರವತ್ತಾರರ ವಯಸ್ಸಿನಲ್ಲಿ, ಮೇಮ್ ಎಂಬ ಎಮ್ಯುಲೇಟರಿನಲ್ಲಿ ಅದೇ ಯಂತ್ರವನ್ನು ಎಬ್ಬಿಸಿ ದೊಡ್ಡಪ್ಪ ಮತ್ತೆ ಆ ಸಾಲುಗಳನ್ನು ಬರೆದರು. ಕಳೆದ ವರ್ಷ ತೀರಿಕೊಂಡರು. ಅವರ ಮಗಳು ಲ್ಯಾಪ್‌ಟಾಪನ್ನು ಖಾಲಿ ಮಾಡಿ ಯಾರಿಗಾದರೂ ಕೊಡುವ ಮೊದಲು ನನಗೆ ಫೋನ್ ಮಾಡಿದಳು. ಫೋಟೊ, ಬ್ಯಾಂಕಿನ ಕಾಗದ, ಟಪಾಲು ಎಲ್ಲ ತೆಗೆದಿಟ್ಟಾಗಿತ್ತು. “ಮತ್ತೇನಾದರೂ ಬೇಕೇನು?”

ಬೇಕಾದದ್ದು ‘ಎನ್‌ವಿರ‍್ಯಾಮ್’ ಎಂಬ ಫೋಲ್ಡರ್. ಬ್ಯಾಟರಿ ಇದ್ದ ಸ್ಮೃತಿಯನ್ನು ಮೇಮ್ ಅಲ್ಲಿ ಉಳಿಸುತ್ತದೆ, ಅದೂ ಕ್ರಮವಾಗಿ ಮುಚ್ಚಿದಾಗ. ಮಧ್ಯದಲ್ಲಿ ಬಲವಂತವಾಗಿ ನಿಲ್ಲಿಸಿದರೆ ಆ ಸಲ ಬರೆದದ್ದು ಕಡತಕ್ಕೆ ಸೇರುವುದಿಲ್ಲ. ಕಮೊಡೋರ್ 64ರ ಎಮ್ಯುಲೇಟರ್ ಆದ ವೈಸ್‌ನಲ್ಲಿ ದಾರಿ ಬೇರೆ: ಈಜಿಫ್ಲ್ಯಾಶ್ ಎಂಬ ಕಾರ್ಟ್ರಿಜ್ಜಿನಲ್ಲಿ ಆದ ಬದಲಾವಣೆಯನ್ನು ಮೂಲ ಕಡತಕ್ಕೇ ಮರಳಿ ಬರೆಯಬೇಕೋ ಬೇಡವೋ ಎಂದು ಬಳಸುವವರೇ ಆರಿಸಬಹುದು. ಎಲ್ಲ ಕಡೆ ‘ಸೇವ್ ಸ್ಟೇಟ್’ ಎಂಬ ಇನ್ನೊಂದು ಉಪಾಯವೂ ಇದೆ. ಅದು ಇಡೀ ಯಂತ್ರದ ಆ ಕ್ಷಣವನ್ನು ಹೆಪ್ಪುಗಟ್ಟಿಸುತ್ತದೆ. ಆದರೆ ತಂತ್ರಾಂಶದ ಹೊಸ ಆವೃತ್ತಿ ಬಂದಾಗ ಹಳೆಯ ಸ್ಟೇಟ್ ತೆರೆಯದೇ ಹೋಗಬಹುದು. 4096 ಬೈಟಿನ ಬರಿಯ ಕಡತಕ್ಕೆ ಆ ಹಂಗಿಲ್ಲ. ಯಾವ ಸಾಧನದಲ್ಲೂ ತೆರೆದು ಓದಬಹುದು.

ಓದಿದೆ. ನನ್ನ ಸಂಶೋಧನೆ ಗ್ರಂಥಸಂಪಾದನೆಯ ಮೇಲೆ; ಡಿ.ಎಲ್. ನರಸಿಂಹಾಚಾರ್ಯರ ಪುಸ್ತಕ ಮೇಜಿನ ಮೇಲೇ ಇರುತ್ತದೆ. ಹಸ್ತಪ್ರತಿಯಲ್ಲಿ ಲಿಪಿಕಾರ ಏನು ಬರೆದ ಎಂಬುದರಷ್ಟೇ ಎಲ್ಲಿ ತಿದ್ದಿದ ಎಂಬುದೂ ಮುಖ್ಯ. ಇಲ್ಲಿಯೂ ಅದೇ ಕಂಡಿತು. ಟಿಐ ಬೇಸಿಕ್ ತನ್ನ ಸಾಲುಗಳನ್ನು ಸಂಖ್ಯೆಯ ಕ್ರಮದಲ್ಲಿ ಜೋಡಿಸಿಡುವುದಿಲ್ಲ. ಬರೆದ ಕ್ರಮದಲ್ಲಿ, ಸ್ಮೃತಿಯ ಮೇಲಿನ ತುದಿಯಿಂದ ಕೆಳಗೆ ಇಳಿಯುತ್ತ ಇಡುತ್ತದೆ. ಯಾವ ಸಂಖ್ಯೆಯ ಸಾಲು ಎಲ್ಲಿದೆ ಎಂಬುದಕ್ಕೆ ಬೇರೊಂದು ಪಟ್ಟಿ. ಸಾಲೊಂದನ್ನು ತಿದ್ದಿದರೆ ಹಳೆಯದು ಹೋಗಿ, ಹೊಸದು ಎಲ್ಲಕ್ಕಿಂತ ಕೊನೆಗೆ ಬರೆದದ್ದರ ಜಾಗದಲ್ಲಿ ಕೂರುತ್ತದೆ. ‘ಲಿಸ್ಟ್’ ಎಂದರೆ ಪರದೆಯ ಮೇಲೆ ನೂರು, ನೂರಾಹತ್ತು ಎಂದು ಶಿಸ್ತಾಗಿ ಬರುತ್ತವೆ. ತಿದ್ದಿದ ಗುರುತೇ ಸಿಗದು. ಕಡತದಲ್ಲಿ ಮಾತ್ರ ಸಿಗುತ್ತದೆ.

ದೊಡ್ಡಪ್ಪನ ಕಡತದಲ್ಲಿ ಒಂಬತ್ತು ಸಾಲುಗಳು ಬರೆದ ಕ್ರಮದಲ್ಲೇ ಇದ್ದವು. ಒಂದು ಮಾತ್ರ ಜಾಗ ಬಿಟ್ಟು, ಎಲ್ಲಕ್ಕಿಂತ ಕೊನೆಗೆ ಬರೆದದ್ದರ ಜಾಗದಲ್ಲಿ ಕೂತಿತ್ತು: ವ-ಒತ್ತಿನ ಬಲಭಾಗ. ನೋಟ್‌ಬುಕ್ಕಿನ ಅಂಕಿಗಳೊಂದಿಗೆ ಹೋಲಿಸಿದರೆ ಎರಡು ಕಡೆ ವ್ಯತ್ಯಾಸ. ಚುಕ್ಕಿ ತುಂಬಿಸಿ ನೋಡಿದೆ. ನೋಟ್‌ಬುಕ್ಕಿನ ಒತ್ತು ಬಾಲ ಮೊಂಡಾಗಿ ನಿಲ್ಲುತ್ತದೆ, ತಿದ್ದಿದ ಒತ್ತು ಬಲಕ್ಕೆ ತುಸು ಮೇಲೆದ್ದು ತಿರುಗುತ್ತದೆ. ಈ ತಿದ್ದುಪಡಿ ನಲವತ್ತು ವರ್ಷದ ಹಿಂದೆ ಕಾರ್ಟ್ರಿಜ್ಜಿನಲ್ಲೇ ಇದ್ದು ನೋಟ್‌ಬುಕ್ಕಿಗೆ ಬರದೇ ಉಳಿದದ್ದೋ, ಮುಪ್ಪಿನ ಕಣ್ಣಿಗೆ ಹೊಸದಾಗಿ ಹೊಳೆದದ್ದೋ, ಎರಡೂ ಪಾಠಗಳಿಗೆ ಅವಕಾಶವಿದೆ. ಸಂಪಾದಕಿಯಾಗಿ ಎರಡನ್ನೂ ಅಡಿಟಿಪ್ಪಣಿಯಲ್ಲಿ ಕೊಡುವೆ. ಅವರ ಮಗಳು ಮಾತ್ರ ಚಿತ್ರ ನೋಡಿದವಳೇ, ಅಜ್ಜಿ ಹಾಗೇ ಬರೆಯುತ್ತಿದ್ದಳಂತೆ, ಅಪ್ಪ ಹೇಳುತ್ತಿದ್ದರು, ಎಂದಳು.

ಈಗ ಆ ಕಡತ ಮೂರು ಕಡೆ ಇದೆ. ಅದರ ಪಕ್ಕದಲ್ಲಿ ಯಾವ ಯಂತ್ರ, ಯಾವ ಕಾರ್ಟ್ರಿಜ್, ಎಮ್ಯುಲೇಟರಿನ ಯಾವ ಆವೃತ್ತಿ ಎಂದು ಬರೆದ ಒಂದು ಪುಟ, ನೋಟ್‌ಬುಕ್ಕಿನ ಎರಡು ಫೋಟೊ. ಮಿನಿ ಮೆಮೊರಿಯ ರೋಮ್ ಪ್ರತಿಗಳು ಜಗತ್ತಿನ ನೂರಾರು ಸಂಗ್ರಹಗಳಲ್ಲಿವೆ, ಎಲ್ಲವೂ ಒಂದೇ ಥರ. ಒಂದು ಹೋದರೆ ಇನ್ನೊಂದು ಸಿಗುತ್ತದೆ. ಬಳಸಿದವರು ಬದಲಿಸಿದ ನಾಲ್ಕು ಕೆಬಿಗೆ ಅಂಥ ಅವಳಿ ಇಲ್ಲ. ನಿಮ್ಮ ಮನೆಯ ಹಿರಿಯರ ಕಂಪ್ಯೂಟರ್ ಖಾಲಿ ಮಾಡುವ ದಿನ ಬಂದಾಗ, ಹೆಸರು ಅರ್ಥವಾಗದ ಸಣ್ಣ ಕಡತಗಳನ್ನೂ ಒಮ್ಮೆ ತೆರೆದು ನೋಡಿ.